ಎದುರಾಳಿಯ ತೂಕ ಬಲ್ಲವರು

1954ರ ಏಪ್ರಿಲ್ 13ರಂದು ಮದ್ರಾಸಿನಲ್ಲಿ ಅಧಿಕಾರ ವಹಿಸಿಕೊಂಡ ಸಂಪುಟದಲ್ಲಿ ಮುಖ್ಯಮಂತ್ರಿಯೂ ಸೇರಿ ಎಂಟೇ ಜನ. ಅವರಲ್ಲಿ ಒಬ್ಬರು ನಮ್ಮ ಮಂಗಳೂರಿನವರು, ವಿಜಯಾ ಬ್ಯಾಂಕ್ ಕಟ್ಟಿದ ಅತ್ತಾವರ ಬಾಲಕೃಷ್ಣ ಶೆಟ್ಟರು. ಆರೋಗ್ಯ ಖಾತೆ ಅವರ ಪಾಲಿಗೆ ಬಂದಿತ್ತು. ಹಿಂದಿನ ರಾಜಾಜಿ ಸಂಪುಟದಲ್ಲೂ ಇದ್ದ ಶೆಟ್ಟರು ಹೊಸ ಮುಖ್ಯಮಂತ್ರಿ ಕಾಮರಾಜರ ಸಂಪುಟದಲ್ಲೂ ಉಳಿದುಕೊಂಡರು. ಅದೇನೂ ದೊಡ್ಡ ಮಾತಲ್ಲ. ಮದ್ರಾಸಿನ ಜನ ಹುಬ್ಬೇರಿಸಿದ್ದು ಅದೇ ಪಟ್ಟಿಯಲ್ಲಿದ್ದ ಬೇರೆ ಎರಡು ಹೆಸರು ನೋಡಿ. ಒಂದು ಸಿ. ಸುಬ್ರಹ್ಮಣ್ಯಂ, ಇನ್ನೊಂದು ಎಂ. ಭಕ್ತವತ್ಸಲಂ.

ಎರಡು ವಾರದ ಹಿಂದೆಯಷ್ಟೇ, ಮಾರ್ಚ್ 30ರಂದು, ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕನ ಆಯ್ಕೆಗೆ ಮತದಾನ ನಡೆದಿತ್ತು. ಕಾಮರಾಜರ ಎದುರು ನಿಂತವರೇ ಸುಬ್ರಹ್ಮಣ್ಯಂ. ರಾಜಾಜಿಯವರ ನೆಚ್ಚಿನ ಶಿಷ್ಯ, ಅವರ ಮನಸ್ಸಿನ ಉತ್ತರಾಧಿಕಾರಿ. ಅವರ ಬೆನ್ನಿಗೆ ನಿಂತಿದ್ದವರು ಭಕ್ತವತ್ಸಲಂ. ಫಲಿತಾಂಶ 93ಕ್ಕೆ 41. ಸೋತವರನ್ನು ಮೂಲೆಗೆ ತಳ್ಳಲು ಕಾಮರಾಜರಿಗೆ ಆಗ ಯಾರ ಅಡ್ಡಿಯೂ ಇರಲಿಲ್ಲ, ಪಕ್ಷ ಅವರ ಮುಷ್ಟಿಯಲ್ಲಿತ್ತು. ಆದರೆ ಅವರು ಆ ಇಬ್ಬರನ್ನೂ ಕರೆದು ಮಂತ್ರಿ ಮಾಡಿದರು. ಸುಬ್ರಹ್ಮಣ್ಯಂಗೆ ಹಣಕಾಸು, ಶಿಕ್ಷಣದಂಥ ಭಾರವಾದ ಖಾತೆಗಳನ್ನೇ ಕೊಟ್ಟರು.

ಈ ಒಂದು ನಡೆಯ ಹಿಂದೆ ಹದಿನೇಳು ವರ್ಷಗಳ ಒಳಜಗಳವಿದೆ, ಮುಂದೆ ಮತ್ತೆ ಹದಿನೇಳು ವರ್ಷಗಳ ಕಥೆಯಿದೆ. ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ, ಮತ್ತು ಕುಮಾರಸ್ವಾಮಿ ಕಾಮರಾಜ್. ಒಂದೇ ಪಕ್ಷ, ಒಬ್ಬನೇ ಗಾಂಧಿ, ಒಂದೇ ಜೈಲುವಾಸದ ಪರಂಪರೆ. ಆದರೂ ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದು ಮದ್ರಾಸಿನ ಪ್ರತಿ ಬೀದಿಗೂ ಗೊತ್ತಿತ್ತು. ನಾವು ಇದನ್ನು ತಮಿಳುನಾಡಿನ ಇತಿಹಾಸ ಎಂದು ಪಕ್ಕಕ್ಕಿಟ್ಟು ಓದುತ್ತೇವೆ. ಆದರೆ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಆ ಕನ್ನಡಿಗರ ಪಾಲಿಗೂ ಇವರೇ ಸರ್ಕಾರ, ಇವರ ಜಗಳವೇ ರಾಜಕೀಯ.

ರಾಜಾಜಿ ಹುಟ್ಟಿದ ತೊರಪಳ್ಳಿ ಹೊಸೂರಿನ ಮಗ್ಗುಲಲ್ಲೇ ಇದೆ. 1878ರಲ್ಲಿ ಅಲ್ಲಿ ಹುಟ್ಟಿದ ಹುಡುಗ ಮುಂದಿನ ಓದಿಗೆ ಬಂದದ್ದು ಬೆಂಗಳೂರಿಗೆ. ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದ್ರಾಸಿನಲ್ಲಿ ಕಾನೂನು ಮುಗಿಸಿ, ಸೇಲಂನಲ್ಲಿ ವಕೀಲಿಕೆ ಹಿಡಿದು ಕೈತುಂಬ ಸಂಪಾದಿಸಿದರು. ಗಾಂಧಿ ಕರೆದಾಗ ಅದೆಲ್ಲವನ್ನೂ ಬಿಟ್ಟು 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿ ಕುಳಿತರು. ಮಗಳು ಲಕ್ಷ್ಮಿ ಗಾಂಧಿಯವರ ಮಗ ದೇವದಾಸರನ್ನು ಮದುವೆಯಾದ ಮೇಲೆ ಗಾಂಧಿಗೂ ಅವರಿಗೂ ಬೀಗರ ನಂಟು. ತೆಳ್ಳನೆ ಮೈ, ಕಪ್ಪು ಕನ್ನಡಕ, ಹರಿತವಾದ ಇಂಗ್ಲಿಷು. ತಮಗಿಂತ ಮೆಲ್ಲಗೆ ಯೋಚಿಸುವವರ ಬಗ್ಗೆ ಅವರಿಗೆ ತಾಳ್ಮೆ ಕಡಿಮೆ, ಅದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ.

ಕಾಮರಾಜ್ ಇಪ್ಪತ್ತೈದು ವರ್ಷ ಚಿಕ್ಕವರು. 1903ರಲ್ಲಿ ವಿರುದುನಗರದ ನಾಡಾರ್ ಮನೆಯಲ್ಲಿ ಹುಟ್ಟಿದವರು. ಆರರ ವಯಸ್ಸಿಗೆ ಅಪ್ಪ ತೀರಿಕೊಂಡರು, ಹನ್ನೆರಡಾಗುವಷ್ಟರಲ್ಲಿ ಶಾಲೆ ತಪ್ಪಿತು, ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಜಲಿಯನ್‌ವಾಲಾ ಬಾಗ್ ಸುದ್ದಿ ಕೇಳಿ ಕಾಂಗ್ರೆಸ್ ಸೇರಿದ ಹುಡುಗ. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಜೈಲಿನಲ್ಲಿ ಪತ್ರಿಕೆ, ಪುಸ್ತಕ ಹಿಡಿದು ಇಂಗ್ಲಿಷ್ ಕಲಿತರು. ಎತ್ತರದ ಕಪ್ಪು ಆಳು. ಮೈಮೇಲೆ ಅರ್ಧ ತೋಳಿನ ಉದ್ದನೆಯ ಖಾದಿ ಅಂಗಿ, ಬಾಯಲ್ಲಿ ಎರಡೇ ಮಾತು. ತಮಿಳುನಾಡಿನ ಯಾವ ಊರಿನಲ್ಲಿ ಯಾರು ಕಾಂಗ್ರೆಸ್ಸಿಗ, ಅವನ ಮನೆಯಲ್ಲಿ ಏನು ಕಷ್ಟ, ಯಾರ ಜೊತೆ ಅವನಿಗೆ ಆಗುವುದಿಲ್ಲ ಎಂಬುದೆಲ್ಲ ಅವರ ತಲೆಯಲ್ಲಿ ಅಚ್ಚಾಗಿತ್ತು.

ಮೊದಮೊದಲು ಇವರಿಬ್ಬರೂ ಎದುರಾಳಿಗಳಾಗಿರಲಿಲ್ಲ. 1930ರ ಏಪ್ರಿಲ್‌ನಲ್ಲಿ ತಿರುಚ್ಚಿಯಿಂದ ವೇದಾರಣ್ಯದವರೆಗೆ ಉಪ್ಪಿನ ಜಾಥಾ ನಡೆಸಿದವರು ರಾಜಾಜಿ. ಆ ಸತ್ಯಾಗ್ರಹದಲ್ಲಿ ಸೇರಿಕೊಂಡೇ ಕಾಮರಾಜ್ ಮೊದಲ ಸಲ ಜೈಲು ಕಂಡರು. ಅವರನ್ನು ಕಲ್ಕತ್ತೆಯ ಅಲೀಪುರ ಜೈಲಿಗೆ ಕಳಿಸಿದ್ದರು.

ಹಗೆಯ ಬೀಜ ಬಿದ್ದದ್ದು ಮೂರನೆಯವರೊಬ್ಬರ ದೆಸೆಯಿಂದ. ಎಸ್. ಸತ್ಯಮೂರ್ತಿ ಮದ್ರಾಸ್ ಕಾಂಗ್ರೆಸ್ಸಿನ ಮಾತಿನ ಮಲ್ಲ. ಕಾಮರಾಜರನ್ನು ಗುರುತಿಸಿ ಬೆಳೆಸಿದವರು ಅವರೇ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಾಗ ಅವರೂ ಸರ್ಕಾರದಲ್ಲಿರುತ್ತಾರೆ ಎಂದೇ ಬಹಳ ಜನ ಎಣಿಸಿದ್ದರು. ಸತ್ಯಮೂರ್ತಿ ಮದ್ರಾಸ್ ವಿಶ್ವವಿದ್ಯಾಲಯದ ಕ್ಷೇತ್ರವನ್ನು ರಾಜಾಜಿಗೆ ಬಿಟ್ಟುಕೊಟ್ಟರು. ರಾಜಾಜಿ ಗೆದ್ದು ಪ್ರಧಾನಿಯಾದರು; ಪ್ರಾಂತದ ಮುಖ್ಯಸ್ಥರನ್ನು ಆಗ ಹಾಗೆಯೇ ಕರೆಯುತ್ತಿದ್ದರು. ಸಂಪುಟದಲ್ಲಿ ಸತ್ಯಮೂರ್ತಿಯವರಿಗೆ ಜಾಗ ಸಿಗಲಿಲ್ಲ. ಅದೇ ಚುನಾವಣೆಯಲ್ಲಿ ಸಾತ್ತೂರಿನಿಂದ ಅವಿರೋಧವಾಗಿ ಆಯ್ಕೆಯಾಗಿ ಬಂದು ರಾಜಾಜಿಯವರ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಾಮರಾಜ್ ಇದನ್ನೆಲ್ಲ ನೋಡಿದರು. ತನ್ನ ಗುರುವಿಗೆ ಆದ ಆ ನೋವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ ಎಂದೇ ನನಗನ್ನಿಸುತ್ತದೆ. 1943ರಲ್ಲಿ ಸತ್ಯಮೂರ್ತಿ ತೀರಿಕೊಂಡಾಗ ಕಾಮರಾಜ್ ಜೈಲಿನಲ್ಲಿದ್ದರು. 1947ರ ಆಗಸ್ಟ್ 15ರಂದು ಅವರು ಮೊದಲು ಬಾವುಟ ಏರಿಸಿದ್ದು ಸತ್ಯಮೂರ್ತಿಯವರ ಮನೆಯಲ್ಲಿ. 1954ರಲ್ಲಿ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂರುವ ಮುಂಚೆ ಹೋದದ್ದೂ ಅದೇ ಮನೆಗೆ.

ಹಾಗೆಂದು ರಾಜಾಜಿಯವರ ಮೊದಲ ಸರ್ಕಾರವನ್ನು ಸತ್ಯಮೂರ್ತಿಯ ಕಥೆಯೊಂದರಿಂದಲೇ ಅಳೆಯಲಾಗದು. ಕಾಮರಾಜರ ಬದುಕಿಗೇ ತಾಗುವ ಒಂದು ಕೆಲಸ ಆ ಸರ್ಕಾರದಿಂದ ಆಯಿತು. ನಾಡಾರರಿಗೆ ದೇವಸ್ಥಾನದ ಬಾಗಿಲು ಮುಚ್ಚಿದ್ದ ಕಾಲವದು. ಅದೇ ವಿಷಯಕ್ಕೆ 1899ರಲ್ಲಿ ಶಿವಕಾಶಿಯಲ್ಲಿ ದೊಡ್ಡ ಗಲಭೆಯೇ ಆಗಿತ್ತು. 1939ರ ಜುಲೈ 8ರಂದು ಮದುರೆಯ ವೈದ್ಯನಾಥ ಅಯ್ಯರ್ ಎಂಬ ಕಾಂಗ್ರೆಸ್ಸಿಗರು ದಲಿತರನ್ನೂ ಒಬ್ಬ ನಾಡಾರರನ್ನೂ ಜೊತೆಗೆ ಕರೆದುಕೊಂಡು ಮೀನಾಕ್ಷಿ ದೇವಾಲಯದ ಒಳಗೆ ಹೋದರು. ಸಂಪ್ರದಾಯಸ್ಥರ ವಿರೋಧದ ನಡುವೆಯೇ ರಾಜಾಜಿ ಕಾನೂನಿನ ರಕ್ಷಣೆ ಒದಗಿಸಿ, ದೇವಾಲಯ ಪ್ರವೇಶದ ಶಾಸನ ಮಾಡಿಸಿದರು. ಕಾಮರಾಜರ ಅಜ್ಜ ಮುತ್ತಜ್ಜಂದಿರಿಗೆ ಮುಚ್ಚಿದ್ದ ಬಾಗಿಲನ್ನು ತೆರೆಸಿದ್ದು ಅಯ್ಯಂಗಾರ್ ಮನೆತನದ ಈ ಮನುಷ್ಯ. ಮುಂದಿನ ಜಗಳವನ್ನು ಬ್ರಾಹ್ಮಣ, ಬ್ರಾಹ್ಮಣೇತರ ಎಂಬ ಒಂದೇ ಕೋಲಿನಿಂದ ಅಳೆಯುವವರು ಈ ಸಂಗತಿಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಜಾತಿ ಆ ಜಗಳದ ಸುತ್ತಮುತ್ತ ಖಂಡಿತ ಇತ್ತು. ಆದರೆ ಕಾಮರಾಜರ ಗುರು ಸತ್ಯಮೂರ್ತಿಯೂ ಬ್ರಾಹ್ಮಣರೇ, ರಾಜಾಜಿಯ ಶಿಷ್ಯ ಸುಬ್ರಹ್ಮಣ್ಯಂ ಕೊಂಗುನಾಡಿನ ಗೌಂಡರ್ ಮನೆಯವರು.

ಮೊದಲ ನೇರ ಕುಸ್ತಿ 1940ರಲ್ಲಿ ನಡೆಯಿತು. ತಮಿಳುನಾಡು ಕಾಂಗ್ರೆಸ್ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ರಾಜಾಜಿ ಬಣದವರು ಸಿ. ಪಿ. ಸುಬ್ಬಯ್ಯ ಅವರನ್ನು ನಿಲ್ಲಿಸಿದರು, ಸತ್ಯಮೂರ್ತಿ ತಮ್ಮ ಕಡೆಯಿಂದ ಕಾಮರಾಜರನ್ನು. ಬರೀ ಮೂರು ಮತಗಳ ಅಂತರದಲ್ಲಿ ಕಾಮರಾಜ್ ಗೆದ್ದರು. ಗುರು ಸತ್ಯಮೂರ್ತಿ ಶಿಷ್ಯನ ಕೈಕೆಳಗೆ ಕಾರ್ಯದರ್ಶಿಯಾಗಿ ದುಡಿದರು. ಅಂದಿನಿಂದ ಸಂಘಟನೆ ಕಾಮರಾಜರ ಹಿಡಿತಕ್ಕೆ ಬಂತು. ದಿಲ್ಲಿಯ ಕಿವಿಯೂ ವಾರ್ಧಾದ ಗಾಂಧಿಯ ಕಿವಿಯೂ ಮಾತ್ರ ರಾಜಾಜಿಯ ಕಡೆಗೇ ಇದ್ದವು. ಮುಂದಿನ ಇಡೀ ಜಗಳದ ಸ್ವರೂಪ ಇದೇ: ಕೆಳಗಿನ ಬಲ ಒಬ್ಬರದು, ಮೇಲಿನ ಬಲ ಇನ್ನೊಬ್ಬರದು.

1942 ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ಎಸೆಯಿತು. ಮುಸ್ಲಿಂ ಲೀಗಿನ ಪಾಕಿಸ್ತಾನದ ಬೇಡಿಕೆಯನ್ನು ತಾತ್ವಿಕವಾಗಿ ಒಪ್ಪಿ, ಅವರ ಜೊತೆ ರಾಜಿಯಾಗಿ ಬ್ರಿಟಿಷರಿಂದ ಅಧಿಕಾರ ಕೇಳಬೇಕು ಎಂಬುದು ರಾಜಾಜಿಯ ವಾದ. ಏಪ್ರಿಲ್‌ನಲ್ಲಿ ಮದ್ರಾಸ್ ಶಾಸಕಾಂಗ ಪಕ್ಷದಲ್ಲಿ ಆ ಠರಾವು ಪಾಸು ಮಾಡಿಸಿದರು. ಅಲಹಾಬಾದಿನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ (ಎಐಸಿಸಿ) ಅದನ್ನು ತಳ್ಳಿಹಾಕಿತು. ಜುಲೈನಲ್ಲಿ ಅವರು ಕಾಂಗ್ರೆಸ್ಸಿನಿಂದ ಹೊರಬಂದರು. ಕ್ವಿಟ್ ಇಂಡಿಯಾ ಚಳವಳಿ ತಪ್ಪು ಎಂದು ಬಹಿರಂಗವಾಗಿ ಹೇಳಿದರು. ದೇಶವೆಲ್ಲ ಒಂದು ಕಡೆ ಉರಿಯುತ್ತಿರುವಾಗ ಇನ್ನೊಂದು ಕಡೆ ಒಬ್ಬಂಟಿಯಾಗಿ ನಿಂತು, ಬೈಗುಳ ತಿನ್ನುತ್ತಲೇ ಊರೂರು ತಿರುಗಿ ಮಾತಾಡಿದರು.

ಅದೇ ಆಗಸ್ಟ್‌ನಲ್ಲಿ ಕಾಮರಾಜ್ ಮುಂಬಯಿಯ ಎಐಸಿಸಿ ಅಧಿವೇಶನ ಮುಗಿಸಿ ರೈಲು ಹತ್ತಿದ್ದರು. ನಾಯಕರೆಲ್ಲ ಆಗಲೇ ಬಂಧನದಲ್ಲಿದ್ದರು. ಮದ್ರಾಸ್ ನಿಲ್ದಾಣದಲ್ಲಿ ಪೊಲೀಸರು ತನಗಾಗಿ ಕಾದಿರುತ್ತಾರೆ ಎಂಬುದು ಅವರಿಗೆ ತಿಳಿದಿತ್ತು. ಅರಕ್ಕೋಣಂನಲ್ಲೇ ಇಳಿದು ಜನರ ನಡುವೆ ಮರೆಯಾದರು. ಕದ್ದುಮುಚ್ಚಿ ವೆಲ್ಲೂರು, ತಂಜಾವೂರು, ತಿರುಚ್ಚಿ, ಮದುರೆ ಸುತ್ತಿ, ಚಳವಳಿ ನಡೆಸಬೇಕಾದವರಿಗೆ ಸೂಚನೆ ತಲುಪಿಸಿದರು. ಕೊನೆಗೆ ವಿರುದುನಗರದ ಮನೆಗೆ ಬಂದು, ನನ್ನ ಕೆಲಸ ಮುಗಿಯಿತು, ಈಗ ಬಂದು ಹಿಡಿದುಕೊಳ್ಳಿ ಎಂದು ಪೊಲೀಸರಿಗೆ ತಾವೇ ಹೇಳಿಕಳಿಸಿದರು. ಮತ್ತೆ ಹೊರಗೆ ಬಂದದ್ದು 1945ರಲ್ಲಿ.

ಹೊರಗೆ ಬಂದು ನೋಡಿದರೆ ರಾಜಾಜಿ ಮತ್ತೆ ಕಾಂಗ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದಾರೆ. ಮೂರು ವರ್ಷ ಸರಳಿನ ಹಿಂದೆ ಕಳೆದು ಬಂದವರ ಎದೆಯಲ್ಲಿ ಆಗ ಎಂಥ ಕಹಿ ಎದ್ದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಮನೆಮಠ ಕಳೆದುಕೊಂಡ, ಲಾಠಿ ತಿಂದ ಸಾವಿರಾರು ಕಾರ್ಯಕರ್ತರ ಪಾಲಿಗೆ ರಾಜಾಜಿ ಯುದ್ಧದ ಹೊತ್ತಿನಲ್ಲಿ ಕೈಬಿಟ್ಟು ಹೋದವರು. ಗಾಂಧಿಯ ಪಾಲಿಗೆ ಅವರು ತನ್ನ ಮನಸ್ಸಿಗೆ ಸರಿಕಂಡದ್ದನ್ನು ಹೇಳಿದ ಪ್ರಾಮಾಣಿಕ. 1944ರಲ್ಲಿ ಜಿನ್ನಾ ಜೊತೆ ಮಾತುಕತೆಗೆ ಕೂತಾಗ ಗಾಂಧಿ ಕೈಯಲ್ಲಿ ಹಿಡಿದು ಹೋದದ್ದು ಲೀಗಿನೊಂದಿಗೆ ರಾಜಿಗೆಂದು ಅವರು ರೂಪಿಸಿದ್ದ ‘ರಾಜಾಜಿ ಸೂತ್ರ’ವನ್ನೇ. ಈ ಎರಡು ನೋಟವೂ ಸುಳ್ಳಲ್ಲ. ಕಾರ್ಯಕರ್ತರ ಆ ಸಿಟ್ಟಿಗೆ ಕಾಮರಾಜ್ ದನಿಯಾದರು.

1946ರ ಜನವರಿ ಕೊನೆಗೆ ಹಿಂದಿ ಪ್ರಚಾರ ಸಭೆಯ ಬೆಳ್ಳಿಹಬ್ಬಕ್ಕೆಂದು ಗಾಂಧಿ ಮದ್ರಾಸಿಗೆ ಬಂದರು. ಅಲ್ಲಿಂದ ವಿಶೇಷ ರೈಲಿನಲ್ಲಿ ಮದುರೆ, ಪಳನಿಗೆ ಪ್ರಯಾಣ. ಅದೇ ರೈಲಿನಲ್ಲಿ ರಾಜಾಜಿಯೂ ಇದ್ದರು, ಪ್ರಾಂತ ಕಾಂಗ್ರೆಸ್ ಅಧ್ಯಕ್ಷ ಕಾಮರಾಜರೂ ಇದ್ದರು. ಹಳಿಯ ಎರಡೂ ಪಕ್ಕ ಜನಸಾಗರ. ಕಾಮರಾಜ್ ಅಷ್ಟೂ ದಿನ ಜೊತೆಗಿದ್ದು ವ್ಯವಸ್ಥೆ ನೋಡಿಕೊಂಡರು. ಗಾಂಧಿ ವಾಪಸು ಹೋಗಿ ‘ಹರಿಜನ’ದಲ್ಲಿ ಬರೆದ ಲೇಖನದಲ್ಲಿ ರಾಜಾಜಿಯವರನ್ನು ಮನಸಾರೆ ಹೊಗಳಿದರು, ಅವರ ವಿರುದ್ಧ ಒಂದು ಸಣ್ಣ ಗುಂಪು ಕೆಲಸ ಮಾಡುತ್ತಿದೆ ಎಂದೂ ಬರೆದರು. ಹೆಸರು ಹೇಳದಿದ್ದರೂ ಬೆರಳು ಯಾರ ಕಡೆಗಿದೆ ಎಂದು ಮದ್ರಾಸಿನಲ್ಲಿ ಎಲ್ಲರಿಗೂ ಗೊತ್ತಾಯಿತು.

ತಾನು ದೇವರೆಂದು ನಂಬಿದವರ ಲೇಖನಿಯಿಂದ ಬಂದ ಆ ಮಾತು ಕಾಮರಾಜರನ್ನು ಬಹಳ ನೋಯಿಸಿತು. ಅವರು ಪ್ರಾಂತದ ಪಾರ್ಲಿಮೆಂಟರಿ ಮಂಡಳಿಗೆ ರಾಜೀನಾಮೆ ಕೊಟ್ಟರು. ಗಾಂಧಿಯ ಮೇಲೆ ಹರಿಹಾಯಲಿಲ್ಲ, ಪಕ್ಷ ಒಡೆಯಲಿಲ್ಲ. ಆದರೆ ತಾನು ಹಿಡಿದ ನಿಲುವನ್ನೂ ಬಿಡಲಿಲ್ಲ. ಅದೇ ವರ್ಷ ಮದ್ರಾಸ್ ಶಾಸಕಾಂಗ ಪಕ್ಷದ ನಾಯಕನನ್ನು ಆರಿಸುವಾಗ ರಾಜಾಜಿಯೇ ಆಗಲಿ ಎಂದು ಹೈಕಮಾಂಡ್ ಬಯಸಿತ್ತು. ಶಾಸಕರು ದೊಡ್ಡ ಬಹುಮತದಿಂದ ಬೇಡವೆಂದರು. ಟಿ. ಪ್ರಕಾಶಂ ಪ್ರಧಾನಿಯಾದರು, ಅವರ ನಂತರ ಓಮಂದೂರು ರಾಮಸ್ವಾಮಿ ರೆಡ್ಡಿಯಾರ್, ಆಮೇಲೆ ಕುಮಾರಸ್ವಾಮಿ ರಾಜಾ. ಯಾರು ಏರಬೇಕು, ಯಾರು ಇಳಿಯಬೇಕು ಎಂಬುದರಲ್ಲಿ ಕಾಮರಾಜರ ಮಾತು ತೂಕದ್ದಾಯಿತು. ಇತ್ತ ರಾಜಾಜಿ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿ, ಗವರ್ನರ್ ಜನರಲ್ ಆಗಿ, ಪಟೇಲರು ತೀರಿದ ಮೇಲೆ ಗೃಹಮಂತ್ರಿಯಾಗಿ, 1951ರ ಕೊನೆಗೆ ಎಲ್ಲ ಬಿಟ್ಟು ಮದ್ರಾಸಿನ ಮನೆಗೆ ಮರಳಿದರು. ಆಗ ಅವರಿಗೆ 73 ವರ್ಷ. ಇನ್ನು ಬರೆಯುವುದು, ಓದುವುದು ಎಂದುಕೊಂಡಿದ್ದರು.

ಮೊದಲ ಸಾರ್ವತ್ರಿಕ ಚುನಾವಣೆ ಅವರನ್ನು ಕೂರಲು ಬಿಡಲಿಲ್ಲ. 375 ಸ್ಥಾನಗಳ ಮದ್ರಾಸ್ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು 152. ಮುಖ್ಯಮಂತ್ರಿ ಕುಮಾರಸ್ವಾಮಿ ರಾಜಾ ಸೋತಿದ್ದರು, ಹಲವು ಮಂತ್ರಿಗಳು ಸೋತಿದ್ದರು. ಕಮ್ಯುನಿಸ್ಟರು 62 ಸ್ಥಾನ ಗೆದ್ದು, ಇತರರನ್ನು ಸೇರಿಸಿಕೊಂಡು ಪ್ರಕಾಶಂ ನಾಯಕತ್ವದಲ್ಲಿ ಸರ್ಕಾರ ರಚಿಸುವ ತಯಾರಿಯಲ್ಲಿದ್ದರು. ಕಾಂಗ್ರೆಸ್ಸಿನಲ್ಲಿ ಯಾರಿಗೂ ದಿಕ್ಕು ತೋಚದಿದ್ದಾಗ ಎಲ್ಲರ ಬಾಯಲ್ಲೂ ಬಂದದ್ದು ರಾಜಾಜಿ ಹೆಸರು.

ಇಲ್ಲಿ ಕಾಮರಾಜರ ಮನಸ್ಸಿನೊಳಗೆ ಏನು ನಡೆಯಿತು ಎಂಬುದೇ ನನಗೆ ಈ ಕಥೆಯ ಗಂಟು. ಸಂಘಟನೆ ಅವರ ಕೈಯಲ್ಲಿತ್ತು. ಅವರು ಒಲ್ಲೆನೆಂದಿದ್ದರೆ ರಾಜಾಜಿಗೆ ಆ ಕುರ್ಚಿ ಸಿಗುವುದು ಸಾಧ್ಯವೇ ಇರಲಿಲ್ಲ. ಹನ್ನೆರಡು ವರ್ಷ ಯಾರನ್ನು ಆ ಜಾಗದಿಂದ ದೂರ ಇಡಲು ಹೆಣಗಿದ್ದರೋ ಅವರನ್ನೇ ಕರೆತರಲು ಒಪ್ಪಿದರು. ಸಂತೋಷದಿಂದ ಅಲ್ಲ. ಬಹುಮತವಿಲ್ಲದ ಸರ್ಕಾರವನ್ನು ನಿಲ್ಲಿಸಿ ನಡೆಸುವ ಬುದ್ಧಿ, ಧೈರ್ಯ, ಆಡಳಿತದ ಪಳಗಿದ ಕೈ ಆ ಹೊತ್ತಿನಲ್ಲಿ ರಾಜಾಜಿಗಲ್ಲದೆ ಬೇರೆ ಯಾರಿಗೂ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳಲು ಹಳೆಯ ಸಿಟ್ಟು ಅಡ್ಡ ಬರಲಿಲ್ಲ. ಗೆಳೆಯನ ಯೋಗ್ಯತೆಯನ್ನು ಹೊಗಳುವುದು ಸುಲಭ. ಆಗದವನ ಯೋಗ್ಯತೆಯನ್ನು ಸರಿಯಾಗಿ ತೂಗಿ, ಅದಕ್ಕೆ ತಕ್ಕಂತೆ ನಡೆದುಕೊಳ್ಳಲು ಬೇರೆಯದೇ ಗಟ್ಟಿತನ ಬೇಕು.

ರಾಜಾಜಿ ಚುನಾವಣೆಗೆ ನಿಂತಿರಲಿಲ್ಲ, ನಿಲ್ಲಲೂ ಒಪ್ಪಲಿಲ್ಲ. ಉಪಚುನಾವಣೆಯಲ್ಲಿ ಗೆದ್ದು ಬರಲಿ ಎಂಬ ನೆಹರೂ ಸಲಹೆಗೂ ಮಣಿಯಲಿಲ್ಲ. ರಾಜ್ಯಪಾಲ ಶ್ರೀಪ್ರಕಾಶ ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು. 1952ರ ಏಪ್ರಿಲ್ 10ರಂದು ಅವರು ಮುಖ್ಯಮಂತ್ರಿಯಾದರು. ಆ ದಾರಿ ಪ್ರಜಾಪ್ರಭುತ್ವಕ್ಕೆ ಶೋಭೆ ತರುವಂಥದಲ್ಲ ಎಂಬ ಟೀಕೆ ಅಂದೂ ಬಂತು, ಇಂದಿಗೂ ಅದು ನ್ಯಾಯವಾದ ಟೀಕೆಯೇ. ಆದರೆ ಕಾಮರಾಜರ ಎಣಿಕೆ ಹುಸಿಯಾಗಲಿಲ್ಲ. ಜುಲೈನಲ್ಲಿ ರಾಜಾಜಿ ವಿಶ್ವಾಸಮತ ಗೆದ್ದರು. ಯುದ್ಧಕಾಲದಿಂದ ಬಂದಿದ್ದ ಆಹಾರಧಾನ್ಯದ ನಿಯಂತ್ರಣವನ್ನು ಒಂದೇ ಏಟಿಗೆ ತೆಗೆದುಹಾಕಿದರು. ಧಾನ್ಯ ಮಾರುಕಟ್ಟೆಗೆ ಬಂತು. ಮರುವರ್ಷ ಆಂಧ್ರ ಬೇರೆಯಾಯಿತು, ಬಳ್ಳಾರಿ ನಮ್ಮ ಕಡೆಗೆ ಬಂತು.

ಎಡವಿದ್ದು ಶಾಲೆಯ ವಿಷಯದಲ್ಲಿ. 1953ರಲ್ಲಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಪದ್ಧತಿ ತಂದರು. ದಿನಕ್ಕೆ ಮೂರು ಗಂಟೆ ಪಾಠ, ಎರಡು ಪಾಳಿ. ಉಳಿದ ಹೊತ್ತು ಮಕ್ಕಳು ಮನೆಯಲ್ಲಿ ಅಪ್ಪ ಅಮ್ಮನ ಕಸುಬು ಕಲಿಯಬೇಕು. ಇರುವ ದುಡ್ಡಿನಲ್ಲೇ, ಇರುವ ಮೇಷ್ಟರನ್ನೇ ಇಟ್ಟುಕೊಂಡು ಎರಡರಷ್ಟು ಮಕ್ಕಳಿಗೆ ಅಕ್ಷರ ಕಲಿಸಬಹುದು ಎಂಬ ಲೆಕ್ಕ ಅದರ ಹಿಂದೆ ಇತ್ತು. ಅವರ ಉದ್ದೇಶದಲ್ಲಿ ಕೇಡಿರಲಿಲ್ಲ ಎಂದು ನಾನು ನಂಬುತ್ತೇನೆ. ಆದರೆ ನಮ್ಮ ಹಳ್ಳಿಗಳಲ್ಲಿ ಅಪ್ಪನ ಕಸುಬು ಅಂದರೆ ಅಪ್ಪನ ಜಾತಿ. ಚಪ್ಪಲಿ ಹೊಲೆಯುವವನ ಮಗ ಚಪ್ಪಲಿ ಹೊಲೆಯಲಿ, ಬಟ್ಟೆ ಒಗೆಯುವವನ ಮಗ ಬಟ್ಟೆ ಒಗೆಯಲಿ ಎಂದು ಸರ್ಕಾರವೇ ಹೇಳಿದಂತೆ ಜನರಿಗೆ ಕೇಳಿಸಿತು. ದ್ರಾವಿಡ ಚಳವಳಿಯ ಪೆರಿಯಾರ್ ಮತ್ತು ಅಣ್ಣಾದುರೈ ಅದಕ್ಕೆ ಕುಲಕಲ್ವಿ, ಅಂದರೆ ಕುಲಕಸುಬಿನ ಶಿಕ್ಷಣ ಎಂಬ ಹೆಸರಿಟ್ಟು ಬೀದಿಗಿಳಿದರು. ರಾಜಾಜಿ ಶಾಸಕರನ್ನು ಕೇಳಿರಲಿಲ್ಲ, ತಮ್ಮ ಪಕ್ಷವನ್ನೂ ಕೇಳಿರಲಿಲ್ಲ. ಜುಲೈನಲ್ಲಿ ಯೋಜನೆಯನ್ನು ಕೈಬಿಡಬೇಕೆಂಬ ಸೂಚನೆ ವಿಧಾನಸಭೆಯಲ್ಲಿ ಮತಕ್ಕೆ ಬಂದಾಗ ಎರಡೂ ಕಡೆ 138, ಸಮಸಮ.

ಹನ್ನೆರಡಕ್ಕೆ ಶಾಲೆ ತಪ್ಪಿ ಅಂಗಡಿಯ ಗಲ್ಲಾದ ಪಕ್ಕ ನಿಂತಿದ್ದವರಿಗೆ ಈ ಯೋಜನೆ ಹೇಗೆ ಕಂಡಿರಬೇಕು! ಆದರೂ ಕಾಮರಾಜ್ ರಾತ್ರೋರಾತ್ರಿ ಸರ್ಕಾರ ಬೀಳಿಸಲು ಹೋಗಲಿಲ್ಲ. ಪಕ್ಷದ ಶಾಸಕರಲ್ಲೇ ಅಸಮಾಧಾನ ಹಣ್ಣಾಗಲು ಬಿಟ್ಟರು. ನಾಯಕತ್ವ ಬದಲಾಗಲಿ ಎಂಬ ಕೂಗು ಬಲವಾಯಿತು. 1954ರ ಮಾರ್ಚ್‌ನಲ್ಲಿ ರಾಜಾಜಿ ಅನಾರೋಗ್ಯದ ಕಾರಣ ಕೊಟ್ಟು ಕೆಳಗಿಳಿದರು. ತಮ್ಮ ಜಾಗಕ್ಕೆ ಸುಬ್ರಹ್ಮಣ್ಯಂ ಬರಲಿ ಎಂದು ಬಯಸಿದರು. ಆಗ ಬಂದದ್ದು ಆ 93, 41ರ ಲೆಕ್ಕ.

ಕಾಮರಾಜ್ ಗೆದ್ದ ಮೇಲೆ ಮಾಡಿದ ಎರಡು ಕೆಲಸಗಳನ್ನು ಒಟ್ಟಿಗೇ ನೋಡಬೇಕು. ಸುಬ್ರಹ್ಮಣ್ಯಂ ಅವರನ್ನು ಶಿಕ್ಷಣ ಮಂತ್ರಿ ಮಾಡಿದರು. ಮೇ 18ರಂದು ಅದೇ ಸುಬ್ರಹ್ಮಣ್ಯಂ ವಿಧಾನಸಭೆಯಲ್ಲಿ ಎದ್ದುನಿಂತು ರಾಜಾಜಿಯ ಶಿಕ್ಷಣ ಯೋಜನೆಯನ್ನು ಕೈಬಿಡುವ ನಿರ್ಣಯ ಮಂಡಿಸಿದರು. ರಾಜಾಜಿ ಸರ್ಕಾರದಲ್ಲಿ ಸಭಾನಾಯಕರಾಗಿ ಅದೇ ಯೋಜನೆಯ ಜೊತೆ ನಿಂತಿದ್ದವರು ಅವರು. ಆ ದಿನ ಅವರಿಗೆ ಎಷ್ಟು ಕಷ್ಟವಾಗಿರಬಹುದು! ಇದನ್ನು ಕಾಮರಾಜರ ಕೊಂಕು ಎಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅವಮಾನ ಮಾಡುವುದೇ ಗುರಿಯಾಗಿದ್ದರೆ ಆ ಒಂದು ಕೆಲಸ ಮಾಡಿಸಿಕೊಂಡು ಅವರನ್ನು ಬದಿಗೆ ಸರಿಸಬಹುದಿತ್ತು. ಬದಲಿಗೆ ಮುಂದಿನ ಎಂಟು ವರ್ಷ ಸುಬ್ರಹ್ಮಣ್ಯಂ ಮದ್ರಾಸ್ ಸರ್ಕಾರದಲ್ಲಿ ಕಾಮರಾಜರ ನಂತರದ ಸ್ಥಾನದಲ್ಲೇ ಇದ್ದರು. ಹಳ್ಳಿಹಳ್ಳಿಗೆ ಶಾಲೆ ಹೋದದ್ದು, ಬಡ ಮಕ್ಕಳಿಗೆ ಮಧ್ಯಾಹ್ನದ ಊಟ ಶುರುವಾದದ್ದು ಎಲ್ಲ ಆ ಕಾಲದಲ್ಲೇ. ಎದುರಾಳಿಯ ಶಿಷ್ಯನ ಕೈಯಿಂದಲೇ ತನ್ನ ಕನಸಿನ ಕೆಲಸ ಮಾಡಿಸಿದರು. ರಾಜಾಜಿ ಆರಿಸಿದ ಆಳು ಸಾಮಾನ್ಯದವನಲ್ಲ ಎಂಬ ನಂಬಿಕೆ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಮುಂದೆ ದಿಲ್ಲಿಯಲ್ಲಿ ಆಹಾರ ಮಂತ್ರಿಯಾಗಿ ಹಸಿರು ಕ್ರಾಂತಿಗೆ ಅಡಿಪಾಯ ಹಾಕಿದವರೂ ಇದೇ ಸುಬ್ರಹ್ಮಣ್ಯಂ.

ಶಾಲೆಯ ಯೋಜನೆಯನ್ನು ಕಿತ್ತುಹಾಕಿದ ಕಾಮರಾಜ್ ರಾಜಾಜಿಯ ಇನ್ನೊಂದು ಕೆಲಸವನ್ನು ಮುಟ್ಟಲಿಲ್ಲ. 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ರಾಜಾಜಿ ಪಾನನಿಷೇಧ ತಂದಿದ್ದರು. ಕಳ್ಳು, ಸಾರಾಯಿ ಆದಾಯ ನಿಂತು ಖಜಾನೆಗೆ ಬಿದ್ದ ತೂತನ್ನು ಮುಚ್ಚಲು ಮಾರಾಟ ತೆರಿಗೆ ಹಾಕಿದ್ದರು. ಸ್ವಾತಂತ್ರ್ಯದ ನಂತರ, 1948ರ ಹೊತ್ತಿಗೆ, ನಿಷೇಧ ಇಡೀ ಪ್ರಾಂತಕ್ಕೆ, ನಮ್ಮ ದಕ್ಷಿಣ ಕನ್ನಡಕ್ಕೂ ಬಂದಿತ್ತು. ಅಣೆಕಟ್ಟು, ಶಾಲೆ, ಕಾರ್ಖಾನೆ ಎಂದು ಕಾಮರಾಜರಿಗೆ ದುಡ್ಡಿನ ಅಗತ್ಯ ಎಷ್ಟಿತ್ತೆಂದು ಹೇಳಬೇಕಾಗಿಲ್ಲ. ತಮ್ಮ ಒಂಬತ್ತು ವರ್ಷದ ಆಡಳಿತದಲ್ಲಿ ಅವರು ಆ ನಿಷೇಧವನ್ನು ಸಡಿಲಿಸಲಿಲ್ಲ.

1956ರ ಜನವರಿಯಲ್ಲಿ ಮದ್ರಾಸಿನ ಗಿಂಡಿಯಲ್ಲಿ ಗಾಂಧಿ ಮಂಟಪ ಸಿದ್ಧವಾಯಿತು. ಮುಖ್ಯಮಂತ್ರಿ ಕಾಮರಾಜ್, ಉದ್ಘಾಟಿಸಿದವರು ರಾಜಾಜಿ. ಗಾಂಧಿಯ ಹೆಸರಿನ ಕಟ್ಟಡವನ್ನು ತೆರೆಯಲು ಆ ನಾಡಿನಲ್ಲಿ ಅವರಿಗಿಂತ ಹಕ್ಕುಳ್ಳವರು ಇನ್ಯಾರಿದ್ದರು? ಹತ್ತು ವರ್ಷದ ಹಿಂದೆ ‘ಹರಿಜನ’ದ ಆ ಲೇಖನ ಕೊಟ್ಟ ಏಟು ಕಾಮರಾಜರ ನೆನಪಿನಿಂದ ಅಳಿಸಿಹೋಗಿರಲಾರದು. ಆದರೂ ಆ ಗೌರವ ಸಲ್ಲಬೇಕಾದವರಿಗೇ ಸಂದಿತು.

ಅಷ್ಟರಲ್ಲಿ ರಾಜಾಜಿ ಕಾಂಗ್ರೆಸ್ಸಿನಿಂದ ದೂರ ಸರಿಯತೊಡಗಿದ್ದರು. 1955ರ ಆವಡಿ ಅಧಿವೇಶನದಲ್ಲಿ ಪಕ್ಷ ಸಮಾಜವಾದಿ ಮಾದರಿಯ ಸಮಾಜದ ಗುರಿ ಒಪ್ಪಿಕೊಂಡಿತು. ಆವಡಿ ಮದ್ರಾಸಿನ ಪಕ್ಕದಲ್ಲೇ ಇದೆ, ಅತಿಥೇಯ ಮುಖ್ಯಮಂತ್ರಿ ಕಾಮರಾಜ್. 1957ರ ಚುನಾವಣೆಗೆ ಮುನ್ನ ರಾಜಾಜಿಯವರ ಹಿಂಬಾಲಕರು ಕಾಂಗ್ರೆಸ್ ಸುಧಾರಣಾ ಸಮಿತಿ ಮಾಡಿಕೊಂಡು ಬೇರೆಯಾದರು. 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದರು. ಲೈಸೆನ್ಸ್, ಪರ್ಮಿಟ್, ಕೋಟಾ ರಾಜ್ಯ ಎಂದು ‘ಸ್ವರಾಜ್ಯ’ ಪತ್ರಿಕೆಯಲ್ಲಿ ವಾರವಾರ ಅವರು ಬರೆದ ಟೀಕೆ ಕಾಮರಾಜರ ಪಕ್ಷಕ್ಕೆ ಚುಚ್ಚುತ್ತಲೇ ಇತ್ತು. ಒಂದೇ ಪಕ್ಷದೊಳಗಿನ ಜಗಳ ಇಲ್ಲಿಗೆ ಮುಗಿದು ಎರಡು ಪಕ್ಷಗಳ ಜಗಳ ಶುರುವಾಯಿತು.

1963ರ ಅಕ್ಟೋಬರ್ 2ರಂದು ಕಾಮರಾಜ್ ತಾವಾಗಿ ಕುರ್ಚಿ ಬಿಟ್ಟು ಪಕ್ಷದ ಕೆಲಸಕ್ಕೆ ದಿಲ್ಲಿಗೆ ಹೋದರು. ಅಖಿಲ ಭಾರತ ಅಧ್ಯಕ್ಷರಾಗಿ ಮೊದಲು ಶಾಸ್ತ್ರಿಯವರನ್ನು, ಆಮೇಲೆ ಇಂದಿರಾ ಅವರನ್ನು ಪ್ರಧಾನಿ ಸ್ಥಾನಕ್ಕೆ ತಂದರು. ಇತ್ತ ರಾಜಾಜಿ ಮದ್ರಾಸಿನಲ್ಲಿ ದ್ರಾವಿಡ ಮುನ್ನೇತ್ರ ಕಳಗದ (ಡಿಎಂಕೆ) ಕೈ ಹಿಡಿದರು. 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ ದ್ರಾವಿಡ ಚಳವಳಿಯ ಮೊದಲ ಕಿಚ್ಚು ಹೊತ್ತಿಸಿದವರು, ಈಗ ಹಿಂದಿ ಹೇರಿಕೆಯ ಕಡು ವಿರೋಧಿಯಾಗಿ ಅದೇ ಚಳವಳಿಯ ಮಕ್ಕಳ ಪಕ್ಕ ನಿಂತರು. 1967ರಲ್ಲಿ ಆ ಕೂಟ ಕಾಂಗ್ರೆಸ್ಸನ್ನು ಗುಡಿಸಿಹಾಕಿತು. ತಮ್ಮ ಸ್ವಂತ ಊರು ವಿರುದುನಗರದಲ್ಲೇ ಕಾಮರಾಜ್ ಪಿ. ಶ್ರೀನಿವಾಸನ್ ಎಂಬ ವಿದ್ಯಾರ್ಥಿ ನಾಯಕನ ಎದುರು 1,285 ಮತಗಳಿಂದ ಸೋತರು. ರಾಜಾಜಿ ವರ್ಷಗಟ್ಟಲೆ ಎದುರಿಸಿದ ಕಾಮರಾಜರ ಪಕ್ಷಯಂತ್ರ ಕೊನೆಗೂ ಮುರಿದುಬಿತ್ತು. ಇದರಿಂದ ನಾಡಿಗೆ ಒಳ್ಳೆಯದಾಯಿತೇ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಅವರಿಗೆ ಹೆಚ್ಚು ಕಾಲ ಬೇಕಾಗಲಿಲ್ಲ.

1969ರಲ್ಲಿ ಕಾಂಗ್ರೆಸ್ ಒಡೆಯಿತು. ನಮ್ಮ ಎಸ್. ನಿಜಲಿಂಗಪ್ಪ ಅಧ್ಯಕ್ಷರಾಗಿದ್ದ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಕಾಮರಾಜ್ ಉಳಿದರು. ರಾಜಾಜಿಯ ಶಿಷ್ಯ ಸುಬ್ರಹ್ಮಣ್ಯಂ ಇಂದಿರಾ ಜೊತೆ ಹೋದರು. ಕರುಣಾನಿಧಿಯವರ ಕಳಗವೂ ಇಂದಿರಾ ಕಡೆಗೆ ವಾಲಿತು. ಹೀಗೆ ಎಲ್ಲರೂ ತಮ್ಮತಮ್ಮ ದಾರಿ ಹಿಡಿದ ಮೇಲೆ ಒಂದೇ ಅಂಗಳದಲ್ಲಿ ಉಳಿದವರು ಆ ಇಬ್ಬರು ಹಳಬರು. 1971ರ ಚುನಾವಣೆಯಲ್ಲಿ ಸಂಸ್ಥಾ ಕಾಂಗ್ರೆಸ್ಸೂ ಸ್ವತಂತ್ರ ಪಕ್ಷವೂ ಕೂಟ ಕಟ್ಟಿದವು. 92ರ ರಾಜಾಜಿ, 67ರ ಕಾಮರಾಜ್ ಒಂದೇ ವೇದಿಕೆಯಲ್ಲಿ ನಿಂತು ಮತ ಕೇಳಿದರು. ಆರ್ಥಿಕ ನೀತಿಯಲ್ಲಿ ಇಬ್ಬರಿಗೂ ಇನ್ನೂ ಹೊಂದಾಣಿಕೆ ಇರಲಿಲ್ಲ. ಒಬ್ಬರು ಬ್ಯಾಂಕ್ ರಾಷ್ಟ್ರೀಕರಣ ಬೇಕೆಂದವರು, ಇನ್ನೊಬ್ಬರು ಅದನ್ನು ಅನಾಹುತವೆಂದವರು. ಆದರೆ ಸಾರ್ವಜನಿಕ ಬದುಕಿನಲ್ಲಿ ದುಡ್ಡು ಮುಟ್ಟದೆ ಬದುಕಿದ ಇನ್ನೊಬ್ಬ ಮನುಷ್ಯ ಯಾರು ಎಂದರೆ ಇಬ್ಬರೂ ಪರಸ್ಪರರ ಕಡೆಗೇ ಕೈ ತೋರಿಸಬೇಕಿತ್ತು.

ಮತದಾರರು ಆ ಕೂಟವನ್ನು ಒಪ್ಪಲಿಲ್ಲ. 234ರಲ್ಲಿ 184 ಸ್ಥಾನ ಡಿಎಂಕೆಗೆ ಹೋದವು. ತಮಿಳುನಾಡಿನಿಂದ ಲೋಕಸಭೆಗೆ ಸಂಸ್ಥಾ ಕಾಂಗ್ರೆಸ್ಸಿನಿಂದ ಗೆದ್ದವರು ನಾಗರಕೋಯಿಲಿನ ಕಾಮರಾಜ್ ಒಬ್ಬರೇ.

ಅದೇ ವರ್ಷ ಡಿಎಂಕೆ ಸರ್ಕಾರ ಪಾನನಿಷೇಧವನ್ನು ತೆಗೆಯಲು ಹೊರಟಿತು. ರಾಜಾಜಿ ಮಳೆಯಲ್ಲೇ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋಗಿ, ಹಾಗೆ ಮಾಡಬೇಡಿ ಎಂದು ಕೇಳಿಕೊಂಡರು. ಕಾಮರಾಜ್ ಕೂಡ ತಮ್ಮ ಕಡೆಯಿಂದ ವಿರೋಧಿಸಿದರು. 1937ರಲ್ಲಿ ಅದನ್ನು ತಂದವರೊಬ್ಬರು, ಒಂಬತ್ತು ವರ್ಷ ಕಾಪಾಡಿಕೊಂಡು ಬಂದವರೊಬ್ಬರು. ಇಬ್ಬರ ಮಾತೂ ನಡೆಯಲಿಲ್ಲ. ಆಗಸ್ಟ್ ಕೊನೆಗೆ ನಿಷೇಧ ರದ್ದಾಯಿತು. ಮರುವರ್ಷದ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. ಕಾಮರಾಜ್ 1975ರ ಗಾಂಧಿ ಜಯಂತಿಯಂದು.